ಇನ್ನೈವತ್ತು ಅಡಿ

ಹನ್ನೊಂದು ರೂಪಾಯಿ ನಲವತ್ತು ಪೈಸೆಗೆ ತಗೊಂಡಿದ್ದು,
ಸಾವಿರದ ನೂರು ಷೇರು.
ಸಮುದ್ರದ ತಳದಲ್ಲಿ ಒಂದು ತೂತು,
ಅದರಲ್ಲಿ ನನ್ನದೂ ಒಂದು ಬೆರಳಗಲ.

ಕಂಪನಿ ಹೆಸರು ಸಾಗರಿಕಾ ಆಯಿಲ್ಸ್.
ಇರುವುದೊಂದೇ ಬಾಡಿಗೆ ಹಡಗು, ಒಂದೇ ಬ್ಲಾಕು, ಡಿ-ಹದಿನೇಳು.
ಚಿಂತಾಮಣಿಯಲ್ಲಿ ನಾವು ಐದು ಜನ ಅದರ ಮಾಲೀಕರು.
ಐವರಲ್ಲಿ ಸಮುದ್ರ ಕಂಡವರು ಇಬ್ಬರು,
ಅದೂ ತಿರುಚೆಂದೂರಿನಲ್ಲಿ, ಮೊಣಕಾಲುದ್ದ.

ಸಂಜೆ ಆರಕ್ಕೆ ಚಾರಿಯವರ ಅಂಗಡಿ ಕಟ್ಟೆ.
ರೀಲಿಂಗ್ ಮುಗಿಸಿ ನಯಾಜ್ ಪಾಷಾ ಬರುತ್ತಾನೆ,
ಬಿಸಿನೀರಲ್ಲಿ ನೆನೆದು ಸುಕ್ಕಾದ ಬೆರಳಲ್ಲಿ
ಫೋನು ಉಜ್ಜುತ್ತಾನೆ: ಹದಿನಾಲ್ಕು ಇಪ್ಪತ್ತು.
'ಗೂಡು ಬೇಯೋವಾಗ ಎಳೆ ತುದಿ ಕಾಣಲ್ಲ ಭಾಯ್,
ಪೊರಕೆ ಆಡಿಸ್ತಾ ಇರಬೇಕು. ತಾನಾಗೇ ಹತ್ತುತ್ತೆ.'
ಚಾರಿಯವರು ಒರೆಗೆ ಹಚ್ಚದ್ದನ್ನು ನಂಬುವವರಲ್ಲ.
ಆದರೂ ಎರಡು ಸಾವಿರ ಷೇರು.
ಕೇಳಿದರೆ, 'ನಲವತ್ತು ವರ್ಷ ನಂಬದೇ ದುಡಿದೆ,
ಸ್ವಲ್ಪ ರಜಾ' ಅನ್ನುತ್ತಾರೆ.

ಚೌಡರೆಡ್ಡಿಯ ಭಾಮೈದನ ಸ್ನೇಹಿತನ ಮಗ
ಆ ಹಡಗಿನಲ್ಲಿ ಅಡಿಗೆಗೆ ಇದ್ದಾನಂತೆ.
ಸೋಮವಾರ ಸುದ್ದಿ ಬಂತು:
ಎಂಜಿನಿಯರುಗಳು ಪಾಯಸ ಮಾಡಿಸಿದರಂತೆ.
ಸುಮ್ಮನೆ ಯಾರಾದರೂ ಪಾಯಸ ಮಾಡಿಸುತ್ತಾರೆಯೇ?
ಅರ್ಧ ಗಂಟೆ ಚರ್ಚೆ. ಶಾವಿಗೆಯೋ, ಗಸಗಸೆಯೋ?
ಮಾರನೇ ದಿನ ಬೆಳಿಗ್ಗೆ ಐದು ಜನವೂ
ಇನ್ನಷ್ಟು ಕೊಂಡೆವು.

ನಕ್ಷೆ ಸುಗುಣಾ ಮೇಡಮ್ಮಿನದು,
ಗರ್ಲ್ಸ್ ಹೈಸ್ಕೂಲಲ್ಲಿ ಮೂವತ್ತೊಂದು ವರ್ಷ ಭೂಗೋಳ ಹೇಳಿದವರು.
ನೀಲಿ ಅಂದರೆ ಆಳ, ಕಡುನೀಲಿ ಅಂದರೆ ಇನ್ನೂ ಆಳ.
ಆ ನೀಲಿಯ ಮೇಲೆ ಒಂದು ಭಾನುವಾರ
ಪಾಯಿಂಟು ನೋಡುವ ಮುನಿಶಾಮಣ್ಣ
ಅಂಗೈಯಲ್ಲಿ ತೆಂಗಿನಕಾಯಿ ಮಲಗಿಸಿಕೊಂಡು
ಕೈ ಚಾಚಿದ. ಮೇಡಂ ನಕ್ಕರು, ನಕ್ಕು ಉಸಿರು ಹಿಡಿದರು.
ಕಾಯಿ ಅಲುಗಿತು, ತಿರುಗಿತು,
ಟೀ ಚೆಲ್ಲಿದ್ದ ಕಡೆ ಎದ್ದು ನಿಂತಿತು.
'ಇಲ್ಲಿ ಏನೋ ಒಂದು ದ್ರವ ಐತೆ' ಅಂದ.
ಕಾಯಿ, ಇನ್ನೂರು ರೂಪಾಯಿ, ಎರಡನ್ನೂ ಒಯ್ದ.

ಎಲ್ಲರೂ ನನ್ನನ್ನೇ ಕೇಳುವುದು.
ನಾನು ಬೋರ್ ಲಾರಿಯವನು, ಹತ್ತೊಂಬತ್ತು ವರ್ಷ.
ಕಲ್ಲು ಬದಲಾದರೆ ಕಿವಿಗೆ ಗೊತ್ತಾಗುತ್ತದೆ,
ಮೇಲೆ ಬಂದ ಪುಡಿಯನ್ನು ತಿಕ್ಕಿ, ಮೂಸಿ, ನಾಲಿಗೆಗಿಟ್ಟು ನೋಡಿದವನು.
ನೀರು ಬರಲಿ, ಧೂಳು ಬರಲಿ,
ನನಗೆ ಅಡಿಗಿಷ್ಟು ಅಂತ ಬರುತ್ತದೆ.
ಅದಕ್ಕೇ ಕೊಂಡೆನೋ ಏನೋ,
ಒಂದು ಸಲವಾದರೂ ತೂತಿನ ಆಚೆ ಬದಿ ನಿಂತು ನೋಡೋಣ ಅಂತ.

ಗುರುವಾರ ಕಂಪನಿ ಪ್ರಕಟಣೆ ಬಂತು.
ಮೇಡಂ ಕನ್ನಡಕ ಏರಿಸಿ ಓದಿದರು, ಪಾಠ ಒಪ್ಪಿಸುವ ಹಾಗೆ:
'ಗುರಿಯ ಪದರದಲ್ಲಿ ಎಣ್ಣೆಯ ಕುರುಹು ಕಂಡಿದೆ.
ಪ್ರಮಾಣ ಇನ್ನೂ ತಿಳಿದಿಲ್ಲ.
ಉತ್ತೇಜಕ ಸೂಚನೆಗಳ ಹಿನ್ನೆಲೆಯಲ್ಲಿ
ಇನ್ನೂ ಮುನ್ನೂರು ಮೀಟರ್ ಕೊರೆಯಲು ನಿರ್ಧರಿಸಲಾಗಿದೆ.'
ನಯಾಜ್ ಚಪ್ಪಾಳೆ ಹೊಡೆದ.
ಚಾರಿಯವರು ನನ್ನ ಮುಖ ನೋಡಿದರು.

ಆ ವಾಕ್ಯ ನನಗೆ ಗೊತ್ತು.
ಅದಕ್ಕೆ ಟೈ ಕಟ್ಟಿದ್ದಾರೆ, ಅಷ್ಟೇ.
ಬರಿಗಾಲಲ್ಲಿ ಓಡಾಡುವಾಗ ಅದು ನನ್ನ ಬಾಯಲ್ಲೇ ಇತ್ತು:
'ಮಣ್ಣು ತೇವ ಐತೆ ಅಣ್ಣಾ,
ಇನ್ನೈವತ್ತು ಅಡಿ ನೋಡೋಣ.'
ಎಷ್ಟು ಅಂಗಳಗಳಲ್ಲಿ, ಎಷ್ಟು ಹೆಂಗಸರ ಮುಂದೆ,
ಬಳೆ ಸರಿಸಿಕೊಂಡು ಅವರು ಗಂಡನ ಕಡೆ ನೋಡುವಾಗ!

ಏನೂ ಹೇಳಲಿಲ್ಲ ನಾನು. ಟೀ ದುಡ್ಡು ಕೊಟ್ಟೆ.

ಶನಿವಾರ ಕೈವಾರದ ರಸ್ತೆಯಲ್ಲಿ
ಹೊಸ ಕಲ್ಯಾಣ ಮಂಟಪದ ಹಿಂದೆ ಲಾರಿ ನಿಂತಿತ್ತು.
ಒಂಬೈನೂರ ಇಪ್ಪತ್ತು ಅಡಿ, ಬರೀ ಬೂದಿಬಣ್ಣದ ಹೊಗೆ.
ಯಜಮಾನ ಬಿಳಿ ಪಂಚೆ ಎತ್ತಿ ಹಿಡಿದು ಕೇಳಿದ,
'ಏನಂತೀಯಪ್ಪಾ?'
'ಸಾಕು ನಿಲ್ಸೋಣ' ಅಂದೆ.
ರಾಡು ಬಿಚ್ಚುವ ಹುಡುಗ
ಜ್ವರ ಬಂದವನನ್ನು ನೋಡುವ ಹಾಗೆ ನನ್ನನ್ನು ನೋಡಿದ.

ಷೇರು ಮಾತ್ರ ಮಾರಿಲ್ಲ.
ಸೋಮವಾರ ಒಂಬತ್ತೂಕಾಲಿಗೆ ಮಾರ್ಕೆಟ್ಟು ತೆರೆಯುತ್ತದೆ.
ಮಣ್ಣು ತೇವ ಐತಂತೆ.